ಬೈಯದೆ ಕೇಳಿಸಿಕೊಳ್ಳುವ ನರ್ಸ್

ಶಿವಮೊಗ್ಗದ ಮೆಗ್ಗಾನ್‌ ಆಸ್ಪತ್ರೆಗೋ ಭದ್ರಾವತಿಯ ತಾಲ್ಲೂಕು ಆಸ್ಪತ್ರೆಗೋ ಬಂದ ಹದಿನಾರರ ಹುಡುಗ ಎಚ್‌ಐವಿ ಬಗ್ಗೆ ಯಾರನ್ನು ಕೇಳಬೇಕು? ಈ ಪ್ರಶ್ನೆಗೆ ಒಂದು ಇತಿಹಾಸವಿದೆ.

1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ದೇಶದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆ ಮಾಡಿದರು. 1992ರಲ್ಲಿ ನ್ಯಾಕೊ ಶುರುವಾಯಿತು. ಶಾಲೆಗಳಲ್ಲೂ ಹದಿಹರೆಯದವರಿಗೆ ತಿಳಿವಳಿಕೆ ಕೊಡಲು ಕೇಂದ್ರ ಹೊರಟಿತು. 2007ರಲ್ಲಿ ಕರ್ನಾಟಕ ಅದನ್ನು ತಡೆಯಿತು. ಮೇಷ್ಟ್ರು ಸುಮ್ಮನಾದರು. ಮನೆಯಲ್ಲಂತೂ ಆ ಮಾತೇ ಇಲ್ಲ. ಉಳಿದದ್ದು ಆಸ್ಪತ್ರೆ.

ಅಲ್ಲೂ ಅಂಜಿಕೆಯಿತ್ತು. ಭಾರತೀಯ ನರ್ಸಿಂಗ್ ಪರಿಷತ್ತು ನ್ಯಾಕೊ ಜೊತೆ ಸೇರಿ ದೇಶದ ನರ್ಸ್‌ಗಳಿಗೆ ತರಬೇತಿ ಕೊಟ್ಟಿತು. ಸೂಜಿ ಚುಚ್ಚಿಕೊಳ್ಳದಂತೆ ಕೆಲಸ ಮಾಡುವುದು ಒಂದು ಪಾಠ. ರೋಗಿಯನ್ನು ಹೀಗಳೆಯದೆ ಮಾತಾಡಿಸುವುದು ಇನ್ನೊಂದು. ಹದಿಹರೆಯದವರ ವಿಷಯದಲ್ಲಿ ಎರಡನೆಯದೇ ಕಷ್ಟ. 'ಈ ವಯಸ್ಸಿಗೇ ಇದೆಲ್ಲ ಯಾಕೆ?' ಎಂದು ಒಮ್ಮೆ ಗದರಿದರೆ ಸಾಕು, ಆ ಹುಡುಗ ಮತ್ತೆ ಬರುವುದಿಲ್ಲ.

2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ನಮ್ಮಲ್ಲಿ ಅದರ ಕ್ಲಿನಿಕ್‌ಗಳ ಹೆಸರು ಸ್ನೇಹ ಕ್ಲಿನಿಕ್. 2017ರ ಎಚ್‌ಐವಿ ಕಾಯ್ದೆ ಗುಟ್ಟು ಕಾಯುವುದನ್ನು ಕಡ್ಡಾಯ ಮಾಡಿತು. ಹದಿನೆಂಟು ತುಂಬದವರ ರಕ್ತಪರೀಕ್ಷೆಗೆ ಪೋಷಕರ ಒಪ್ಪಿಗೆ ಬೇಕಾಗುತ್ತದೆ. ಆದರೆ ಪ್ರಶ್ನೆ ಕೇಳಲು ಯಾರ ಸಹಿಯೂ ಬೇಡ. ಆಸ್ಪತ್ರೆಗೆ ಹೋಗಲು ಮುಜುಗರವಾದರೆ 1097ಕ್ಕೆ ಕರೆ ಮಾಡಿ, ದುಡ್ಡು ಖರ್ಚಾಗದು.