ಹಿಮನಾಡಿನ ನೆತ್ತರು, ಮುಂಡಗೋಡದ ಗಾಳಿ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ ಟಿಬೆಟನ್ನರ ವಸತಿ ಆರಂಭವಾದದ್ದು 1966ರಲ್ಲಿ. ದಲೈ ಲಾಮಾ ಅವರು 1959ರಲ್ಲಿ ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟನ್ನರು ಅವರ ಹಿಂದೆಯೇ ಗಡಿ ದಾಟಿದ್ದರು. ಅವರಿಗೆ ಇಲ್ಲಿ ಜಮೀನು ನೀಡಿದಾಗ ಎಸ್. ನಿಜಲಿಂಗಪ್ಪನವರು ಮೈಸೂರು ರಾಜ್ಯದ ಮುಖ್ಯಮಂತ್ರಿ. ಬಂದವರು ಭಾಷೆ, ಧರ್ಮಗಳ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಆಸ್ತಿಯನ್ನೂ ತಂದಿದ್ದರು. ಅದು ಅವರ ರಕ್ತದ ಗುಣ.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇ 21. ಆದರೆ ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿರುವ ಲ್ಹಾಸಾದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ, ಕಡಲತೀರದ ಕಾರವಾರದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಕೊರೊನಾ ಕಾಲದಲ್ಲಿ ಮನೆಮನೆಗೂ ಪರಿಚಿತವಾದ ಆಕ್ಸಿಮೀಟರ್, ಬಯಲುಸೀಮೆಯ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 95ಕ್ಕಿಂತ ಹೆಚ್ಚು ತೋರಿಸುತ್ತದೆ. ಲ್ಹಾಸಾದಲ್ಲಿ ಅದು 90ರ ಆಸುಪಾಸಿಗೆ ಇಳಿಯುತ್ತದೆ.

ಈ ಕೊರತೆ ತುಂಬಲು ನಮ್ಮಂಥವರ ಮೂತ್ರಪಿಂಡಗಳು ಒಂದು ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತವೆ. ಆಗ ಅಸ್ಥಿಮಜ್ಜೆ ಹೆಚ್ಚೆಚ್ಚು ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಇದು ಅತಿಯಾದರೆ ರಕ್ತ ಮಂದವಾಗಿ ಹೃದಯಕ್ಕೆ ಹೊರೆಯಾಗುತ್ತದೆ. ಬಹುಪಾಲು ಟಿಬೆಟನ್ನರಲ್ಲಿ ಹೀಗಾಗುವುದಿಲ್ಲ. ಇದಕ್ಕೆ 'ಇಪಿಎಎಸ್1' ಎಂಬ ವಂಶವಾಹಿಯ ವಿಶಿಷ್ಟ ರೂಪ ಮುಖ್ಯ ಕಾರಣವೆಂದು 2010ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಸಾವಿರಾರು ವರ್ಷಗಳ ಹಿಂದೆಯೇ ಅಳಿದುಹೋದ ಡೆನಿಸೋವನ್ ಎಂಬ ಮಾನವ ಕುಲದಿಂದ ಈ ರೂಪ ಬಂದಿತೆಂದು 2014ರ ಸಂಶೋಧನೆ ತೋರಿಸಿತು.

ತೆಳುಗಾಳಿಯಲ್ಲಿ ಬದುಕಲು ಕಲಿತ ಈ ದೇಹಗಳಿಗೆ ಆಮ್ಲಜನಕ ಹೇರಳವಾಗಿದ್ದ ಬಯಲು ಮಾತ್ರ ಸುಖಕರವಾಗಿರಲಿಲ್ಲ. ಡ್ರೆಪುಂಗ್, ಗಾಂದೆನ್ ಮೊದಲಾದ ಮಠಗಳ ಭಿಕ್ಷುಗಳಿಗೆ ಮೊದಲು ಆಶ್ರಯ ಸಿಕ್ಕಿದ್ದು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಹಳೆಯ ಸೆರೆಮನೆಯಲ್ಲಿ. ಸೆಕೆ ಮತ್ತು ಇಕ್ಕಟ್ಟಿನ ನಡುವೆ ಹರಡಿದ ಕ್ಷಯರೋಗಕ್ಕೆ ಅನೇಕರು ಬಲಿಯಾದರು. ಉಳಿದವರಲ್ಲಿ ಈ ಎರಡು ಮಠಗಳವರು 1970ರ ಆಸುಪಾಸಿನಲ್ಲಿ ಮುಂಡಗೋಡಕ್ಕೆ ಬಂದು ತಮ್ಮ ಮಠಗಳನ್ನು ಮತ್ತೆ ಕಟ್ಟಿದರು. ಕ್ಷಯವು ಶ್ವಾಸಕೋಶವನ್ನೇ ಕೊರೆಯುವ ರೋಗ. ಅದು ಉಲ್ಬಣಿಸಿದರೆ ಸುತ್ತಲೂ ಎಷ್ಟೇ ಗಾಳಿಯಿದ್ದರೂ ರಕ್ತಕ್ಕೆ ಆಮ್ಲಜನಕ ಸಾಲದು. ಅದರೆದುರು ಪರ್ವತದ ವಂಶವಾಹಿ ರಕ್ಷಣೆಯಾಗಲಿಲ್ಲ.

ಸುಮಾರು 600 ಮೀಟರ್ ಎತ್ತರದ ಮುಂಡಗೋಡದಲ್ಲಿ ಇಂದು ಟಿಬೆಟನ್ನು ಕಣ್ಣಾರೆ ಕಾಣದ ತಲೆಮಾರು ಬೆಳೆದಿದೆ. ಇಂಥ ಗುಣ ಎರಡು ಮೂರು ತಲೆಮಾರಿನಲ್ಲಿ ಅಳಿಯುವಂಥದ್ದಲ್ಲ. ಹಿರಿಯರು ಕಳೆದುಕೊಂಡ ನಾಡಿನ ಗುರುತನ್ನು ಮೊಮ್ಮಕ್ಕಳು ರಕ್ತದಲ್ಲಿಯೇ ಹೊತ್ತು ನಡೆದಿದ್ದಾರೆ.