ಬಿಸಿ ಕೋಣೆಯ ಯೋಗ: ಕಾವು ಹೊಸದು, ಆಸನ ಹಳೆಯದು

ಬಾಗಿಲು ತೆರೆದೊಡನೆ ಬಿಸಿಗಾಳಿ ಮುಖಕ್ಕೆ ರಾಚುತ್ತದೆ. ಕೋಣೆಯ ಉಷ್ಣತೆ ಸುಮಾರು 40 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 40. ಅದರೊಳಗೆ 90 ನಿಮಿಷಗಳಲ್ಲಿ 26 ಆಸನಗಳನ್ನು ಮಾಡಬೇಕು. ‘ಹಾಟ್ ಯೋಗ’ದ ಮೂಲ ಕ್ರಮ ಇದು. ಇಂಥ ತರಗತಿಗೆ ಮೊದಲ ಬಾರಿ ಕಾಲಿಟ್ಟವರಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ನಮ್ಮ ಹಿರಿಯರೂ ಹೀಗೆಯೇ ಯೋಗ ಮಾಡುತ್ತಿದ್ದರೇ?

ಹಳೆಯ ಗ್ರಂಥಗಳು ಬೇರೆಯದೇ ಮಾತು ಹೇಳುತ್ತವೆ. ಸುಮಾರು 15ನೇ ಶತಮಾನದಲ್ಲಿ ಸ್ವಾತ್ಮಾರಾಮ ರಚಿಸಿದ ‘ಹಠಯೋಗ ಪ್ರದೀಪಿಕೆ’ಯು, ಅಭ್ಯಾಸದ ಆರಂಭದಲ್ಲಿ ಬೆಂಕಿಯ ಸಾಮೀಪ್ಯವನ್ನೇ ವರ್ಜಿಸಬೇಕೆನ್ನುತ್ತದೆ. ಬೆವರಿನ ಪ್ರಸ್ತಾಪ ಅದರಲ್ಲಿಯೂ ಇದೆ. ಆದರೆ ಅದು ಪ್ರಾಣಾಯಾಮದ ಶ್ರಮದಿಂದ ಬಂದ ಬೆವರು. ಅದನ್ನು ಮೈಗೇ ತಿಕ್ಕಿಕೊಳ್ಳಬೇಕೆಂಬುದು ಗ್ರಂಥದ ಸೂಚನೆ.

ಬಿಸಿ ಕೋಣೆಯ ಕಥೆ ಆರಂಭವಾಗುವುದು ಕೋಲ್ಕತ್ತದಲ್ಲಿ. ಪರಮಹಂಸ ಯೋಗಾನಂದರ ತಮ್ಮ ವಿಷ್ಣುಚರಣ ಘೋಷ್ ಅಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು. ಭಾರ ಎತ್ತುವುದರ ಜತೆಗೆ ಆಸನಗಳನ್ನೂ ಕಲಿಸುತ್ತಿದ್ದರು. ಅವರ ಶಿಷ್ಯ ವಿಕ್ರಮ್ ಚೌಧರಿ 1970ರ ದಶಕದಲ್ಲಿ ಅಮೆರಿಕದಲ್ಲಿ ನೆಲೆಸಿ, 26 ಆಸನಗಳ ಸರಣಿಯನ್ನು ಪ್ರಚಾರಕ್ಕೆ ತಂದರು. ಜಪಾನಿನ ಚಳಿಯಲ್ಲಿ ಪಾಠ ಹೇಳುವಾಗ ಕೋಣೆ ಕಾಯಿಸುವ ಉಪಾಯ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ.

ಮುಂದೆ ಈ ಸರಣಿ ತಮ್ಮದೇ ಕೃತಿಸ್ವಾಮ್ಯವೆಂದು ಚೌಧರಿ ವಾದಿಸಿದರು; ಅದನ್ನು ಕಲಿಸುತ್ತಿದ್ದ ಬೇರೆ ಶಾಲೆಗಳನ್ನು ನ್ಯಾಯಾಲಯಕ್ಕೆ ಎಳೆದರು. 2001ರಲ್ಲಿ ಆರಂಭವಾದ ಭಾರತದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವು, ಇಂಥ ಹಕ್ಕುಸಾಧನೆಗೆ ತಡೆಯಾಗಲೆಂದು ಔಷಧ ಜ್ಞಾನದ ಜತೆಗೆ ಆಸನಗಳನ್ನೂ ದಾಖಲಿಸಿತು. ಕೊನೆಗೆ 2015ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ಆಸನಗಳ ಸರಣಿಗೆ ಕೃತಿಸ್ವಾಮ್ಯ ಸಲ್ಲದು ಎಂದು ತೀರ್ಪಿತ್ತಿತು. ಮರುವರ್ಷ, ಲೈಂಗಿಕ ಕಿರುಕುಳದ ಮೊಕದ್ದಮೆಯಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ ಚೌಧರಿಯವರ ವಿರುದ್ಧ ತೀರ್ಮಾನ ನೀಡಿತು. ಅನೇಕ ಶಾಲೆಗಳು ಅವರ ಹೆಸರನ್ನು ಫಲಕದಿಂದ ಅಳಿಸಿ, ‘ಹಾಟ್ ಯೋಗ’ ಎಂದಷ್ಟೇ ಬರೆದುಕೊಂಡವು.

ಬೆವರಿನೊಡನೆ ದೇಹದ ವಿಷವೆಲ್ಲ ಹೊರಹೋಗುತ್ತದೆ ಎಂಬ ಪ್ರಚಾರವೂ ಉಂಟು. ಆದರೆ ಬೆವರಿನ ಮುಖ್ಯ ಕೆಲಸ ಮೈಯನ್ನು ತಂಪಾಗಿಸುವುದು. ಕಲ್ಮಶ ಕಳೆಯುವ ಹೊಣೆ ಯಕೃತ್ತು ಮತ್ತು ಮೂತ್ರಪಿಂಡಗಳದು. ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರನ್ನು ಕೇಳದೆ ಇಂಥ ಕೋಣೆಗೆ ಹೋಗಬಾರದು. ಉಳಿದವರೂ ಸಾಕಷ್ಟು ನೀರು ಕುಡಿದಿರಬೇಕು. ತಲೆ ಸುತ್ತಿದರೆ ಸಂಕೋಚಪಡದೆ ಹೊರಬರಬೇಕು.

ಕಾವು ಒಗ್ಗದಿದ್ದವರು ನಿರಾಶರಾಗಬೇಕಿಲ್ಲ. ಅವೇ ಆಸನಗಳನ್ನು ಮನೆಯ ಜಗಲಿಯ ತಂಪಿನಲ್ಲಿ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ.