ಪಕ್ಕದಲ್ಲಿ ಕೂತ ಸ್ಯಾಕ್ಸೋಫೋನ್

1983ರಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಎಂಬ ಊರಿನ ಸ್ಟುಡಿಯೋದಲ್ಲಿ ಇಸಿಎಂ ಕಂಪನಿಗಾಗಿ 'ಜ್ಯೋತಿ' ಎಂಬ ರೆಕಾರ್ಡು ಸಿದ್ಧವಾಯಿತು. ಹೊದಿಕೆಯ ಮೇಲೆ ಮೊದಲು ಕಾಣುವ ಹೆಸರು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಅವರದು. ಜೊತೆಗೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಆದರೆ ರೆಕಾರ್ಡು ಹಾಕಿದಾಗ ಮೊದಲು ಕೇಳಿಸುವುದು ಸ್ಯಾಕ್ಸೋಫೋನ್ ಅಲ್ಲ, ಆರ್.ಎ. ರಮಾಮಣಿಯವರ ಕಂಠ. ಸ್ಯಾಕ್ಸೋಫೋನ್ ಆಮೇಲೆ ಬರುತ್ತದೆ, ಜಾಗ ಕೇಳಿಕೊಂಡು ಬಂದಂತೆ. ಇದನ್ನು ಅತಿಥಿಗಳಿಗೆ ತೋರಿದ ಸೌಜನ್ಯ ಎಂದು ಬದಿಗಿಡುವುದು ಸುಲಭ. ಆದರೆ ಮರಿಯಾನೊ ಅವರ ಅರ್ಧ ಶತಮಾನ ಮೀರಿದ ವೃತ್ತಿಜೀವನವನ್ನು ಒಟ್ಟಾಗಿ ಕೇಳಿದರೆ, ಅವರ ದೊಡ್ಡ ಸಾಧನೆ ಇರುವುದು ಇಲ್ಲೇ ಎನ್ನಿಸುತ್ತದೆ. ಜಾಝ್ ಚರಿತ್ರೆ ಸಾಮಾನ್ಯವಾಗಿ ತಂಡ ಕಟ್ಟಿದವರ, ಹೊಸ ಶೈಲಿ ಹುಟ್ಟಿಸಿದವರ ಚರಿತ್ರೆ. ಆ ಅಳತೆಗೆ ಮರಿಯಾನೊ ಸಿಗುವುದಿಲ್ಲ. ಅವರನ್ನು ಅಳೆಯಲು ನಮ್ಮ ಕಛೇರಿಯ ಅಳತೆ, ಅಂದರೆ ಪಕ್ಕವಾದ್ಯದವರನ್ನು ತೂಗುವ ಅಳತೆ, ಹೆಚ್ಚು ಹೊಂದುತ್ತದೆ ಎಂಬುದು ನನ್ನ ವಾದ.

ಮರಿಯಾನೊ ಹುಟ್ಟಿದ್ದು 1923ರ ನವೆಂಬರ್ 12ರಂದು, ಬಾಸ್ಟನ್ನಿನ ಒಂದು ಇಟಾಲಿಯನ್ ವಲಸಿಗರ ಮನೆಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದು, ಹಿಂದಿರುಗಿದ ಮೇಲೆ ಸೇರಿದ್ದು ಬಾಸ್ಟನ್ನಿನ ಶಿಲಿಂಗರ್ ಹೌಸ್ ಎಂಬ ಸಂಗೀತ ಶಾಲೆಯನ್ನು. ಮುಂದೆ ಬರ್ಕ್ಲಿ ಎಂದು ಲೋಕಪ್ರಸಿದ್ಧವಾದ ಶಾಲೆ ಅದೇ. ಆ ಹೊತ್ತಿಗೆ ಚಾರ್ಲಿ ಪಾರ್ಕರ್ ಆಲ್ಟೊ ಸ್ಯಾಕ್ಸೋಫೋನಿನ ವ್ಯಾಕರಣವನ್ನೇ ಬದಲಿಸಿಯಾಗಿತ್ತು. ಅದೇ ವಾದ್ಯ ಹಿಡಿದ ಆ ತಲೆಮಾರಿನವರ ಮುಂದೆ ಇದ್ದ ಪ್ರಶ್ನೆ ಒಂದೇ: ಪಾರ್ಕರನ್ನು ನುಡಿಸುವುದೋ, ಪಾರ್ಕರ್ ಅವರಿಂದ ತಪ್ಪಿಸಿಕೊಳ್ಳುವುದೋ. ಮರಿಯಾನೊ ಮೊದಲ ವರ್ಷಗಳಲ್ಲಿ ಪಾರ್ಕರನ್ನು ನುಡಿಸಿದರು, ಚೆನ್ನಾಗಿಯೇ ನುಡಿಸಿದರು. 1950ರ ದಶಕದಲ್ಲಿ ಸ್ಟಾನ್ ಕೆಂಟನ್ ಅವರ ದೊಡ್ಡ ವಾದ್ಯವೃಂದ, ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಡ್ರಮ್ ವಾದಕ ಶೆಲ್ಲಿ ಮ್ಯಾನ್ ಅವರ ತಂಡ. ಮಧ್ಯೆ ತಮ್ಮ ಹೆಸರಿನಲ್ಲೂ ಕೆಲವು ರೆಕಾರ್ಡು ಮಾಡಿದರು. ಅವು ಇಂದಿಗೂ ಕೇಳಲು ಹಿತ, ಆದರೆ ಅವುಗಳಿಂದ ಯಾರ ದಾರಿಯೂ ಬದಲಾಗಲಿಲ್ಲ. ಇಷ್ಟಕ್ಕೇ ನಿಂತಿದ್ದರೆ ಅವರು ಪಾರ್ಕರ್ ಅವರ ಒಳ್ಳೆಯ ಶಿಷ್ಯರ ಪಟ್ಟಿಯಲ್ಲಿ ಒಂದು ಹೆಸರಾಗಿ ಉಳಿಯುತ್ತಿದ್ದರು.

1963ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಆದದ್ದು ಬೇರೆಯೇ. ಬಾಸ್ ವಾದಕ, ಸಂಯೋಜಕ ಚಾರ್ಲ್ಸ್ ಮಿಂಗಸ್ ಅವರು ಇಂಪಲ್ಸ್ ಕಂಪನಿಗಾಗಿ ಹನ್ನೊಂದು ಜನರ ತಂಡದೊಂದಿಗೆ 'ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ' ಎಂಬ ದೀರ್ಘ ಕೃತಿಯನ್ನು ರೆಕಾರ್ಡು ಮಾಡಿದರು. ನೃತ್ಯಕ್ಕೆಂದು ಕಲ್ಪಿಸಿದ, ಒಂದೇ ಉಸಿರಿನಲ್ಲಿ ವೇಗ ಏರಿಳಿಯುವ, ಹಿತ್ತಾಳೆ ವಾದ್ಯಗಳು ಗುರುಗುಟ್ಟುವ ಸಂಗೀತ ಅದು. ಅದರ ನಡುವಿಂದ ಮರಿಯಾನೊ ಅವರ ಆಲ್ಟೊ ಏಳುವ ಜಾಗಗಳನ್ನು ಗಮನವಿಟ್ಟು ಕೇಳಬೇಕು. ಸ್ವರ ಸೀದಾ ಹತ್ತುವುದಿಲ್ಲ. ಕೆಳಗಿನಿಂದ ಜಾರಿಕೊಂಡು ಬಂದು, ಮೇಲೆ ನಡುಗಿ, ಮತ್ತೆ ಸಡಿಲವಾಗುತ್ತದೆ. ಅತ್ತು ಮುಗಿಯದವರ ಗಂಟಲಿನ ಹಾಗೆ. ತಂಡ ಒಟ್ಟಿಗೆ ನುಡಿಸಿದ್ದು ಸಾಲದೆಂದು ಮಿಂಗಸ್ ಆಮೇಲೆ ಮರಿಯಾನೊ ಅವರನ್ನು ಕರೆಸಿ, ಆಗಲೇ ಧ್ವನಿಮುದ್ರಣವಾಗಿದ್ದ ವಾದನದ ಮೇಲೆ ಅವರ ಆಲ್ಟೊ ಪದರಗಳನ್ನು ಹೊಸದಾಗಿ ಕೂಡಿಸಿದರು. ಆ ಕಾಲದ ಜಾಝ್‌ನಲ್ಲಿ ಇದು ಅಪರೂಪದ ಕ್ರಮ, ಶುದ್ಧಿವಾದಿಗಳ ಕಣ್ಣಿಗೆ ಮೋಸವೂ ಹೌದು. ಆದರೆ ಇಲ್ಲಿ ಗಮನಿಸಬೇಕಾದದ್ದು ಬೇರೆ. ಮಿಂಗಸ್ ಮುಂಗೋಪಿ, ಯಾರ ಕೈಯಲ್ಲಿ ಯಾವ ಸ್ವರ ಬರಬೇಕೆಂಬ ವಿಷಯದಲ್ಲಿ ರಾಜಿಯೇ ಇಲ್ಲದ ಮನುಷ್ಯ. ಅಂಥವರು ತಮ್ಮ ಅತ್ಯಂತ ಮಹತ್ವಾಕಾಂಕ್ಷೆಯ ಕೃತಿಯ ಕೊರಳನ್ನು ಮರಿಯಾನೊ ಕೈಗೆ ಕೊಟ್ಟರು. ಕೃತಿ ಪೂರ್ತಿ ಮಿಂಗಸ್ ಅವರದು, ಆದರೆ ಮರಿಯಾನೊ ಇಲ್ಲದೆ ಅದು ಹಾಗೆ ಕೇಳಿಸುತ್ತಿರಲಿಲ್ಲ. ಪಕ್ಕವಾದ್ಯದವರ ಬಗ್ಗೆ ನಾವು ಹೇಳುವ ಅತಿ ದೊಡ್ಡ ಮೆಚ್ಚುಗೆಯೂ ಇದೇ ತಾನೆ.

ಅದೇ ವರ್ಷಗಳಲ್ಲಿ ಅವರು ಪಿಯಾನೊ ವಾದಕಿ, ಸಂಯೋಜಕಿ ತೊಶಿಕೊ ಅಕಿಯೋಶಿ ಅವರನ್ನು ಮದುವೆಯಾಗಿ ಇಬ್ಬರೂ ಸೇರಿ ತಂಡ ನಡೆಸಿದ್ದರು. ಜಪಾನಿನಲ್ಲೂ ಕೆಲಕಾಲ ಇದ್ದರು. 1960ರ ದಶಕದಲ್ಲಿ, ತಾವೇ ಕಲಿತ ಬರ್ಕ್ಲಿಯಲ್ಲಿ ಪಾಠ ಹೇಳಿದರು. ಜಾಝ್ ರಾತ್ರಿಕ್ಲಬ್ಬುಗಳಿಂದ ತರಗತಿಗೆ ಸ್ಥಳಾಂತರವಾಗುತ್ತಿದ್ದ ಕಾಲ ಅದು. ಹಿಂದೆ ಒಬ್ಬರ ಪಕ್ಕದಲ್ಲಿ ನಿಂತು ಕದ್ದು ಕಲಿಯಬೇಕಾಗಿದ್ದ ವಿದ್ಯೆಗೆ ಈಗ ವೇಳಾಪಟ್ಟಿ, ಪರೀಕ್ಷೆ ಬಂದವು. ಕಾರ್ಡ್ ಮತ್ತು ಸ್ಕೇಲುಗಳ ಲೆಕ್ಕಾಚಾರದಲ್ಲಿ ಪಳಗಿದ ಒಬ್ಬ ಮೇಷ್ಟ್ರು ಆ ಲೆಕ್ಕವೇ ಇಲ್ಲದ ಸಂಗೀತದ ಮುಂದೆ ಮತ್ತೆ ವಿದ್ಯಾರ್ಥಿಯಾದದ್ದು ಆ ದಶಕದ ಉತ್ತರಾರ್ಧದಲ್ಲಿ, ಮಲೇಷ್ಯಾದ ರೇಡಿಯೋ ವಾದ್ಯವೃಂದದ ಜೊತೆ ಕೆಲಸ ಮಾಡಲು ಕೌಲಾಲಂಪುರಕ್ಕೆ ಹೋದಾಗ. ಅಲ್ಲಿ ತಮಿಳರ ದೇವಸ್ಥಾನಗಳ ನಾಗಸ್ವರ ಅವರ ಕಿವಿಗೆ ಬಿತ್ತು. ಕೇಳಿ ತಲೆದೂಗಿ ಸುಮ್ಮನಾಗಲಿಲ್ಲ; ವಾದ್ಯ ಹಿಡಿದು ಕಲಿತರು, ಮುಂದೆ ಭಾರತಕ್ಕೂ ಬಂದು ಅಭ್ಯಾಸ ಮುಂದುವರಿಸಿದರು.

ಇಲ್ಲಿ ಒಂದು ಆಕ್ಷೇಪ ಸಹಜ. 1960ರ ದಶಕ ಎಂದರೆ ಪಶ್ಚಿಮದ ಅರ್ಧ ಜನ ಅಗರಬತ್ತಿ ಹಚ್ಚಿಕೊಂಡು ಪೂರ್ವಕ್ಕೆ ಮುಖ ಮಾಡಿದ್ದ ಕಾಲ. ಮರಿಯಾನೊ ಅವರದೂ ಅದೇ ಗೀಳಲ್ಲವೇ? ಅನುಮಾನ ತಪ್ಪಲ್ಲ, ಆದರೆ ಅವರು ಆರಿಸಿಕೊಂಡ ವಾದ್ಯವೇ ಅದಕ್ಕೆ ಉತ್ತರ ಕೊಡುತ್ತದೆ. ಸಿತಾರನ್ನು ಸೋಫಾದ ಪಕ್ಕ ಒರಗಿಸಿಟ್ಟರೂ ಮನೆಗೆ ಶೋಭೆ. ನಾಗಸ್ವರ ಹಾಗಲ್ಲ. ಅದು ಬಯಲಿನ ವಾದ್ಯ, ರಥಬೀದಿಯ ವಾದ್ಯ. ಜೋಡಿ ಸೀಳಿನ ಸೀವಾಳಿಯನ್ನು ತುಟಿಯಲ್ಲಿ ಹಿಡಿದು ಎದೆಯ ಗಾಳಿಯನ್ನೆಲ್ಲ ಹಾಕದೆ ದನಿಯೇ ಹೊರಡದು. ಸ್ಯಾಕ್ಸೋಫೋನಿನ ಹಾಗೆ ಇದಕ್ಕೆ ಲೋಹದ ಕೀಲಿಗಳಿಲ್ಲ. ರಂಧ್ರವನ್ನು ಬೆರಳಿನಿಂದ ಅರ್ಧ ಮುಚ್ಚಿ, ತುಟಿಯ ಒತ್ತಡ ಬದಲಿಸಿ ಗಮಕ ತರಬೇಕು. ಎರಡೂ ವಾದ್ಯಗಳ ಕೊಳವೆ ತುದಿಗೆ ಹೋದಂತೆ ಅಗಲವಾಗುತ್ತದೆ ಎಂಬ ಹೋಲಿಕೆ ಬಿಟ್ಟರೆ, ಸ್ಯಾಕ್ಸೋಫೋನಿನಲ್ಲಿ ಪಳಗಿದ ಬೆರಳಿಗೆ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ. ನಲವತ್ತು ದಾಟಿದ, ಹೆಸರು ಮಾಡಿದ ವಾದಕರೊಬ್ಬರು ಇಂಥ ವಾದ್ಯದಲ್ಲಿ ಮೊದಲಿನಿಂದ ಶುರುಮಾಡುವುದು ಫ್ಯಾಷನ್ನಿಗಾಗಿ ಎಂದು ನಂಬುವುದು ಕಷ್ಟ.

1971ರಲ್ಲಿ ಯುರೋಪಿಗೆ ಹೋದವರು ಹೆಚ್ಚುಕಡಿಮೆ ಅಲ್ಲಿಯವರೇ ಆದರು. 2009ರ ಜೂನಿನಲ್ಲಿ ತೀರಿಕೊಂಡದ್ದೂ ಕೊಲೋನ್ ನಗರದಲ್ಲೇ. ಎಂಬ್ರಿಯೊ ಎಂಬ ರಾಕ್ ತಂಡ, ಟಿವಿ ಕಾರ್ಯಕ್ರಮವೊಂದಕ್ಕಾಗಿ ಹುಟ್ಟಿ ದಶಕಗಳ ಕಾಲ ಬಾಳಿದ ಯುನೈಟೆಡ್ ಜಾಝ್ ಅಂಡ್ ರಾಕ್ ಆನ್ಸಾಂಬಲ್, ಲೆಬನಾನಿನ ಊದ್ ವಾದಕ ರಬೀ ಅಬು ಖಲೀಲ್: ಜೊತೆಗಾರರ ಪಟ್ಟಿ ಉದ್ದ. ನನ್ನ ಮಟ್ಟಿಗೆ ಮುಖ್ಯವಾದದ್ದು ಬಾಸ್ ವಾದಕ ಎಬರ್‌ಹಾರ್ಡ್ ವೆಬರ್ ಜೊತೆ 1975ರಲ್ಲಿ ಮಾಡಿದ 'ಯೆಲ್ಲೋ ಫೀಲ್ಡ್ಸ್'. ಅದರಲ್ಲಿ ಮರಿಯಾನೊ ಸೊಪ್ರಾನೊ ಸ್ಯಾಕ್ಸೋಫೋನಿನ ಜೊತೆಗೆ ನಾಗಸ್ವರ, ಶಹನಾಯಿಗಳನ್ನೂ ನುಡಿಸಿದ್ದಾರೆ. ಎಂಟು ವರ್ಷದ ನಂತರ ಬೆಂಗಳೂರಿನ ಕಲಾವಿದರ ಜೊತೆ ಕೂತಾಗ ಮಾತ್ರ ನಾಗಸ್ವರವನ್ನು ಬಿಟ್ಟು ಸ್ಯಾಕ್ಸೋಫೋನ್ ಮತ್ತು ಫ್ಲೂಟ್ ಹಿಡಿದರು. ಜರ್ಮನರ ನಡುವೆ ಸರಿ ಹೋಗುವ ನಾಗಸ್ವರ, ರಾಗದ ಮನೆಯಲ್ಲೇ ಬೆಳೆದವರ ಮುಂದೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬ ಅಂದಾಜು ಅವರಿಗೆ ಇದ್ದಿರಬೇಕು. ಕಲಿತದ್ದನ್ನು ಪ್ರದರ್ಶಿಸದೆ, ಕಲಿತದ್ದರಿಂದ ತಮ್ಮ ಸ್ವಂತ ವಾದ್ಯ ಎಷ್ಟು ಬದಲಾಗಿದೆಯೋ ಅಷ್ಟನ್ನೇ ತಂದರು.

ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಅನ್ನು ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದರು. ತಾಳವಾದ್ಯಗಳಿಗೆಂದೇ ಶಾಲೆ; ಅದೇ ಹೆಸರಿನಲ್ಲಿ ದೇಶ ಸುತ್ತಿದ ತಂಡ ಕೂಡ. 'ಜ್ಯೋತಿ'ಯಲ್ಲಿ ಮಣಿಯವರ ಮೃದಂಗ, ಅವರ ಪತ್ನಿ ರಮಾಮಣಿಯವರ ಹಾಡು, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಚಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ಜೊತೆಗೆ ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕೊನ್ನಕೋಲು. ಪಿಯಾನೊ ಇಲ್ಲ, ಗಿಟಾರ್ ಇಲ್ಲ, ಬಾಸ್ ಇಲ್ಲ. ಅಂದರೆ ಜಾಝ್ ವಾದಕ ನೆಲವೆಂದು ನಂಬಿ ನಿಲ್ಲುವ ಕಾರ್ಡುಗಳ ಸರಣಿಯೇ ಇಲ್ಲ. ಇರುವುದು ಶ್ರುತಿ ಮತ್ತು ತಾಳ. ಸ್ಯಾಕ್ಸೋಫೋನ್ ಒಮ್ಮೆ ಹಾಡಿನ ಸಾಲನ್ನು ಕಂಠದೊಂದಿಗೆ ಸೇರಿಯೇ ನುಡಿಸುತ್ತದೆ, ಒಮ್ಮೆ ಅದರ ಹಿಂದೆ ದೀರ್ಘ ಸ್ವರ ಹಿಡಿದು ನಿಲ್ಲುತ್ತದೆ, ಸರದಿ ಬಂದಾಗ ತನ್ನ ಮನೋಧರ್ಮ ತೋರಿಸಿ ಹಿಂದೆ ಸರಿಯುತ್ತದೆ. ಗಾಯಕರ ಪಕ್ಕದ ಪಿಟೀಲು ಮಾಡುವುದೂ ಇದನ್ನೇ.

ಇದಕ್ಕೂ ಮೊದಲು ಇಂಥ ಕೂಟಗಳು ಇರಲಿಲ್ಲವೆಂದಲ್ಲ. 1960ರ ದಶಕದ ನಡುವಿನಲ್ಲಿ ಲಂಡನ್ನಿನಲ್ಲಿ ಕಲ್ಕತ್ತಾ ಮೂಲದ ಜಾನ್ ಮೇಯರ್ ಮತ್ತು ಜಮೈಕಾದಿಂದ ಬಂದ ಸ್ಯಾಕ್ಸೋಫೋನ್ ವಾದಕ ಜೋ ಹ್ಯಾರಿಯಟ್ ಸೇರಿ 'ಇಂಡೋ ಜಾಝ್ ಸ್ವೀಟ್' ಮಾಡಿದರು. ಅಲ್ಲಿ ಐವರು ಭಾರತೀಯ ವಾದ್ಯದವರು, ಐವರು ಜಾಝ್‌ನವರು; ಒಂದೇ ಕೋಣೆಯಲ್ಲಿ ಎರಡು ಪಂಕ್ತಿಯ ಊಟ. 1975ರಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅವರು ಸರೋದ್ ವಾದಕ ಅಲಿ ಅಕ್ಬರ್ ಖಾನ್ ಜೊತೆ 'ಕರುಣಾ ಸುಪ್ರೀಮ್' ನುಡಿಸಿದರು. ಅದು ಇಬ್ಬರು ಹಿರಿಯರ ಘನತೆಯ ಸಂಭಾಷಣೆ. ನಿಜವಾಗಿ ಉತ್ತರಿಸಬೇಕಾದ ಆಕ್ಷೇಪ ಇರುವುದು 'ಶಕ್ತಿ' ತಂಡದ ಕಡೆಯಿಂದ. ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ಎಲ್. ಶಂಕರ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಅವರು 'ಜ್ಯೋತಿ'ಗೆ ಏಳೆಂಟು ವರ್ಷ ಮೊದಲೇ ಕಾರ್ಡುಗಳ ಹಂಗು ಬಿಟ್ಟು ನುಡಿಸಿಯಾಗಿತ್ತು. ಅವರ ವೇಗ, ಲೆಕ್ಕ, ಚಮತ್ಕಾರದ ಎದುರು 'ಜ್ಯೋತಿ' ಸಪ್ಪೆ ಎನ್ನುವವರಿದ್ದಾರೆ. ವೇಗದ ವಿಷಯದಲ್ಲಿ ಅದು ನಿಜ. ಆದರೆ 'ಶಕ್ತಿ'ಯ ರೋಮಾಂಚನ ಸ್ಪರ್ಧೆಯದು, ಸಮಬಲರ ಸವಾಲು ಜವಾಬಿನದು. ಅಲ್ಲಿ ಎಲ್ಲರೂ ನಾಯಕರೇ. 'ಜ್ಯೋತಿ'ಯ ನಡುವೆ ಹಾಡು ಇದೆ, ಹಾಡುವ ಹೆಣ್ಣು ದನಿಯಿದೆ. ಸ್ಯಾಕ್ಸೋಫೋನ್ ತನ್ನ ವ್ಯಾಪ್ತಿಯನ್ನು ಆ ದನಿಯ ಅಳತೆಗೆ ಕತ್ತರಿಸಿಕೊಳ್ಳುತ್ತದೆ. ಪ್ರಸಿದ್ಧ ಪುರುಷ ವಾದಕರ ಆ ಲೋಕದಲ್ಲಿ ಇದು ಸಣ್ಣ ವಿಷಯವಲ್ಲ.

ಹಾಗಾದರೆ ಇದು ಜಾಝ್ ಹೌದೇ? ಸ್ವಿಂಗ್ ಲಯ ಇಲ್ಲ, ಬ್ಲೂಸ್ ಇಲ್ಲ. ಆದರೆ ಜಾಝ್ ವಾದಕನ ಹಳೆಯ ಶಿಸ್ತು ಒಂದು ಇಲ್ಲಿದೆ. ಮೂವತ್ತೆರಡು ಮಾತ್ರಾಗಣಗಳ ಹಾಡೊಂದನ್ನು ಆವರ್ತದಂತೆ ಮತ್ತೆ ಮತ್ತೆ ಸುತ್ತುತ್ತ, ಎಷ್ಟು ದೂರ ಅಲೆದರೂ ಸುತ್ತಿನ ಮೊದಲ ಪೆಟ್ಟಿಗೆ ಸರಿಯಾಗಿ ಮನೆ ಸೇರಬೇಕೆಂಬ ಶಿಸ್ತು ಅದು. ಕಲ್ಪನಾಸ್ವರ ಹಾಡುವವರು ಹಾಡಿನ ಸಾಲು ಶುರುವಾಗುವ ಎಡುಪಿಗೆ ಬಂದು ಸೇರುವುದಕ್ಕೂ ಇದಕ್ಕೂ ನೆಂಟಸ್ತನ ಇದೆ. ತನಿ ಆವರ್ತನದಲ್ಲಿ ಮೃದಂಗ, ಘಟಗಳು ಲೆಕ್ಕ ಕಿರಿದುಗೊಳಿಸುತ್ತ ಒಬ್ಬರಿಗೊಬ್ಬರು ಉತ್ತರ ಕೊಡುವುದಕ್ಕೂ ಜಾಝ್ ವಾದಕರು ನಾಲ್ಕು ನಾಲ್ಕು ಮಾತ್ರಾಗಣ ಹಂಚಿಕೊಳ್ಳುವುದಕ್ಕೂ ಇದೆ. ಎರಡು ಸಂಗೀತಗಳು ಕೈಕುಲುಕಿದ್ದು ರಾಗದ ಅಂಗಳದಲ್ಲಿ ಅಲ್ಲ, ತಾಳದ ಅಂಗಳದಲ್ಲಿ. ಮರಿಯಾನೊ ಗಾಯಕರ ಗುಂಪನ್ನೋ ಸಿತಾರ್ ವಾದಕರನ್ನೋ ಹುಡುಕಿ ಹೋಗದೆ ತಾಳವಾದ್ಯದ ಶಾಲೆಯೊಂದರ ಜೊತೆ ವರ್ಷಗಟ್ಟಲೆ ಉಳಿದದ್ದು ಅದಕ್ಕೇ ಸಾರ್ಥಕ. ಇಸಿಎಂ ಕಂಪನಿಯ ಆ ನುಣುಪು ಪ್ರತಿಧ್ವನಿ ಮಾತ್ರ ನನಗೆ ಅಷ್ಟು ಹಿಡಿಸುವುದಿಲ್ಲ. ಘಟದ ಮಣ್ಣಿನ ಗಡಸುತನವನ್ನು ಅದು ತೊಳೆದು ಬಿಡುತ್ತದೆ.

ಪಕ್ಕವಾದ್ಯದ ಅಳತೆಯನ್ನು ಹೊಗಳುವಾಗ ಅದರ ಕಹಿಯನ್ನೂ ಹೇಳಬೇಕು. ನಮ್ಮ ಕಛೇರಿ ಸಮಾನತೆಯ ಸ್ವರ್ಗವೇನಲ್ಲ. ಸಂಭಾವನೆಯಲ್ಲಿ, ಕೂರುವ ಜಾಗದಲ್ಲಿ, ಕರಪತ್ರದ ಅಕ್ಷರದ ಗಾತ್ರದಲ್ಲಿ ಮೇಲು ಕೀಳು ಇದ್ದೇ ಇತ್ತು. ಆದರೂ ಮೈಸೂರಿನ ಪಿಟೀಲು ಚೌಡಯ್ಯನವರಂಥವರು ದಶಕಗಳ ಕಾಲ ಘಟಾನುಘಟಿ ಗಾಯಕರ ಪಕ್ಕದಲ್ಲಿ ಕೂತೇ ದೊಡ್ಡವರಾದರು. ತುಂಬಿದ ಸಭೆಯ ಕೊನೆಯ ಸಾಲಿಗೂ ಕೇಳಲಿ ಎಂದು ಪಿಟೀಲಿಗೆ ಏಳು ತಂತಿ ಕಟ್ಟಿಕೊಂಡವರನ್ನು ಯಾರೂ ಬರೀ ಜೊತೆಗಾರ ಎನ್ನಲಿಲ್ಲ. ರಸಿಕರಿಗೆ ಆ ಕಿವಿ ಇತ್ತು. ಜಾಝ್ ಬರಹಗಾರರಲ್ಲಿ ಆ ಕಿವಿ ಕಡಿಮೆ. ಹಾಗಾಗಿ ಮಿಂಗಸ್ ಅಧ್ಯಾಯದಲ್ಲಿ ಒಂದು ವಾಕ್ಯ, ವೆಬರ್ ಅಧ್ಯಾಯದಲ್ಲಿ ಇನ್ನೊಂದು ವಾಕ್ಯ ಎಂದು ಮರಿಯಾನೊ ಹಂಚಿಹೋಗುತ್ತಾರೆ. ಹತ್ತು ಕಡೆ ಕೈಹಾಕಿ ಎಲ್ಲೂ ಬೇರು ಬಿಡದವರು ಎಂಬ ಟೀಕೆ ಹುಟ್ಟುವುದೂ ಈ ಹಂಚಿಕೆಯಿಂದಲೇ. ಬೆಂಗಳೂರಿನವರ ಜೊತೆಗಿನ ಒಡನಾಟ ಒಂದು ರೆಕಾರ್ಡಿಗೆ ಮುಗಿಯದೆ 1980ರ ದಶಕದ ಉದ್ದಕ್ಕೂ, ಆಮೇಲೂ ನಡೆದದ್ದು, ತಮ್ಮದೊಂದು ಆಲ್ಬಮ್ಮಿಗೆ 'ಬ್ಯಾಂಗಲೋರ್' ಎಂದೇ ಹೆಸರಿಟ್ಟದ್ದು ಈ ಟೀಕೆಗೆ ಹೊಂದುವುದಿಲ್ಲ.

ಈ ಕಥೆಗೆ ಎದುರು ದಿಕ್ಕಿನ ಇನ್ನೊಂದು ಪ್ರಯಾಣವೂ ಇದೆ. ದಕ್ಷಿಣ ಕನ್ನಡದ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಅವರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಅದರಲ್ಲಿ ಗಮಕ ತರಲು ವರ್ಷಗಟ್ಟಲೆ ಹೆಣಗಿದರು. ಮರಿಯಾನೊ ಸ್ಯಾಕ್ಸೋಫೋನಿನಿಂದ ನಾಗಸ್ವರಕ್ಕೆ ಹೋದ ದಾರಿಯಲ್ಲೇ ಇವರು ಇತ್ತ ಬಂದರು. ಮರಿಯಾನೊ ಕಲಿತು ಕಲಿಸಿದ ಅದೇ ಬರ್ಕ್ಲಿಯಲ್ಲಿ ಮುಂದೆ ಓದಿದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರಿಗೆ ಅಣ್ಣ ತಮಾಷೆಗೆಂದು ಕೊಟ್ಟದ್ದು ಕದ್ರಿಯವರ ರೆಕಾರ್ಡು. ಆ ತಮಾಷೆ ಫಲ ಕೊಟ್ಟದ್ದು 2008ರಲ್ಲಿ, ಇಬ್ಬರೂ ಸೇರಿ ನುಡಿಸಿದ 'ಕಿನ್ಸ್‌ಮೆನ್' ಆಲ್ಬಮ್ಮಿನಲ್ಲಿ. ಅಲ್ಲಿ ಎರಡು ಆಲ್ಟೊ ಸ್ಯಾಕ್ಸೋಫೋನುಗಳು ಎದುರು ಬದುರು ನಿಲ್ಲುತ್ತವೆ, ಗಿಟಾರ್, ಬಾಸ್, ಡ್ರಮ್ ಸೆಟ್ಟುಗಳ ಜೊತೆ ಪಿಟೀಲು, ಮೃದಂಗಗಳೂ ಇವೆ. ಅದು ಮಹಾಂತಪ್ಪ ಎಂಬ ಸಂಯೋಜಕ ಕಟ್ಟಿದ ಮನೆ. ಕದ್ರಿಯವರು ಅಲ್ಲಿ ಗೌರವದ ಅತಿಥಿ. 'ಜ್ಯೋತಿ'ಯಲ್ಲಿ ಮನೆ ರಮಾಮಣಿ, ಮಣಿಯವರದು. ಅತಿಥಿಯಾಗಿ ಒಳಗೆ ಬಂದದ್ದು ಹೊದಿಕೆಯ ಮೇಲೆ ಮೊದಲ ಹೆಸರಿದ್ದ ಮನುಷ್ಯ.